1080 ಅಂದರೆ ಸಾಲದು: ಐ, ಪಿ, 50, 25 ಮತ್ತು ದುರ್ಗದ ಗಾಳಿ ಫ್ಯಾನು

ಕಾಲೇಜು ಮುಗಿಸಿಕೊಂಡು ಲಗ್ನದ ಸೀಸನ್ನಿನಲ್ಲಿ ದಾವಣಗೆರೆಯ ಒಂದು ವಿಡಿಯೋ ಯೂನಿಟ್ ಜೊತೆ ಓಡಾಡುತ್ತೇನೆ. ಮೊದಲು ಕೇಬಲ್ ಹಿಡಿಯೋದು, ಲೈಟ್ ಹೊರೋದು. ಈಗ ಎರಡನೇ ಕ್ಯಾಮೆರಾ ಕೈಗೆ ಸಿಕ್ಕಿದೆ. ಎಚ್‌ಡಿ ಫಾರ್ಮ್ಯಾಟ್‌ಗಳ ವಿಷಯದಲ್ಲಿ ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಮರೆಯೋ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಅದೇ ಜಾಗದಲ್ಲಿ ಗಾಡಿ ನಿಂತಿದ್ದರೆ ಉಪಯೋಗಕ್ಕೆ ಬರಬಹುದು.

ಪಿಕ್ಸೆಲ್ ಅಂದರೇನು, 16:9 ಅಂದರೇನು, ಇವನ್ನೆಲ್ಲ ಬಿಡುತ್ತೇನೆ. ಎಚ್‌ಡಿಯಲ್ಲಿ ಎರಡು ಅಳತೆ: 1280×720 ಮತ್ತು 1920×1080. ನಮ್ಮಲ್ಲಿ ಹಳೆಯ ಟಿವಿ ಅಳತೆ, ಎಸ್‌ಡಿ, 720×576 ಇತ್ತು. ಇಷ್ಟು ಯಾರಿಗೂ ಕಷ್ಟ ಆಗಲ್ಲ. ಕಷ್ಟ ಇರೋದು ಆ ಅಂಕಿಯ ಪಕ್ಕದಲ್ಲಿ ಕೂತ ಐ ಮತ್ತು ಪಿ ಹತ್ತಿರ.

ಬಾಚಣಿಗೆ

ಚಿತ್ರದುರ್ಗದ ಬೆಟ್ಟದ ಮೇಲಿನ ಗಾಳಿ ಫ್ಯಾನುಗಳನ್ನು ಹೈವೇ ಪಕ್ಕ ನಿಂತು ಶೂಟ್ ಮಾಡಿದ್ದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗೇ ಕಂಡಿತ್ತು. ಸಂಜೆ ಕಂಪ್ಯೂಟರಿಗೆ ಹಾಕಿ ಒಂದು ಚಿತ್ರದಲ್ಲಿ ನಿಲ್ಲಿಸಿ ನೋಡಿದರೆ ರೆಕ್ಕೆಯ ಅಂಚಿನ ತುಂಬ ಹಲ್ಲು ಹಲ್ಲು. ಯೂನಿಟ್‌ನ ಅಣ್ಣ ಹಿಂದಿನಿಂದ ನೋಡಿ, "ಲೇ, ರೆಕ್ಕೆ ಬಾಚಣಿಗೆ ಆಗೈತಲ್ಲೋ" ಅಂದರು. ಲೆನ್ಸ್ ಕೆಟ್ಟಿದೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ಕೆಟ್ಟಿದ್ದು ಏನೂ ಇರಲಿಲ್ಲ. ನಾನು 1080/50ಐನಲ್ಲಿ ಶೂಟ್ ಮಾಡಿದ್ದೆ, ಅಷ್ಟೇ.

ಐ ಅಂದರೆ ಇಂಟರ್‌ಲೇಸ್. ಗೆರೆ ಹಾಕಿದ ನೋಟ್‌ಬುಕ್ ಒಂದನ್ನು ತಗೊಳ್ಳಿ. ಈಗ ಕಣ್ಣಿಗೆ ಕಂಡಿದ್ದನ್ನು 1, 3, 5, 7ನೇ ಗೆರೆಗಳಲ್ಲಿ ಮಾತ್ರ ಬರೆಯಿರಿ. ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಮತ್ತೆ ನೋಡಿ, ಆಗ ಕಂಡಿದ್ದನ್ನು 2, 4, 6, 8ನೇ ಗೆರೆಗಳಲ್ಲಿ ಬರೆಯಿರಿ. ಈಗ ಪುಟ ತುಂಬಿತು. ಆದರೆ ಆ ಪುಟದಲ್ಲಿರೋದು ಒಂದು ಕ್ಷಣ ಅಲ್ಲ, ಎರಡು ಕ್ಷಣ. ಒಂದೊಂದು ಅರ್ಧಕ್ಕೂ ಫೀಲ್ಡ್ ಅಂತ ಹೆಸರು. ಒಂದು ಫೀಲ್ಡಿನಲ್ಲಿ 1080ರ ಅರ್ಧ, 540 ಗೆರೆ. ಎರಡು ಫೀಲ್ಡ್ ಸೇರಿ ಒಂದು ಫ್ರೇಮ್. ಪಿ ಅಂದರೆ ಪ್ರೊಗ್ರೆಸಿವ್: ಎಲ್ಲ ಗೆರೆಯೂ ಒಂದೇ ಕ್ಷಣದ್ದು.

ನಾನು ಎಡವಿದ್ದು ಇಲ್ಲೇ. "50ಐ ಅಂದರೆ 25 ಫ್ರೇಮ್" ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ 25ಪಿಗೂ 50ಐಗೂ ಏನು ವ್ಯತ್ಯಾಸ, ಎರಡೂ 25 ಫ್ರೇಮೇ ಅಲ್ವಾ? ಎಷ್ಟು ಪುಟ ಅಂತ ಎಣಿಸಿದರೆ ಎರಡೂ ಒಂದೇ. ಎಷ್ಟು ಕ್ಷಣ ಅಂತ ಎಣಿಸಿದರೆ ಬೇರೆ. 25ಪಿಯಲ್ಲಿ ಸೆಕೆಂಡಿಗೆ 25 ಕ್ಷಣ, ಪ್ರತಿಯೊಂದೂ ಪೂರ್ತಿ 1080 ಗೆರೆ. 50ಐನಲ್ಲಿ ಸೆಕೆಂಡಿಗೆ 50 ಕ್ಷಣ, ಪ್ರತಿಯೊಂದೂ ಅರ್ಧ ಗೆರೆ. 50ಪಿಯಲ್ಲಿ 50 ಕ್ಷಣ, ಎಲ್ಲವೂ ಪೂರ್ತಿ. ಪುಟ ಎಣಿಸೋದು ಬಿಟ್ಟು ಕ್ಷಣ ಎಣಿಸೋಕೆ ಶುರು ಮಾಡಿದ ಮೇಲೆ ನನಗೆ ಗೊಂದಲ ಹೋಯಿತು.

ರೆಕ್ಕೆಯ ಲೆಕ್ಕ ಹಾಕಿ ನೋಡೋಣ. ರೆಕ್ಕೆಯ ಉದ್ದ 40 ಮೀಟರ್, ನಿಮಿಷಕ್ಕೆ 15 ಸುತ್ತು ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ತುದಿ ಓಡುವ ದೂರ ಸುಮಾರು 251 ಮೀಟರ್, ಅದಕ್ಕೆ ಹಿಡಿಯೋ ಹೊತ್ತು 4 ಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 63 ಮೀಟರ್. ದೂರದಿಂದ ಸೋಮಾರಿಯಂತೆ ಕಾಣೋ ಫ್ಯಾನಿನ ತುದಿ ಗಂಟೆಗೆ 220 ಕಿಲೋಮೀಟರ್ ಮೇಲೆ ಓಡುತ್ತಿರುತ್ತದೆ! ಸೆಕೆಂಡಿನ 50ನೇ ಭಾಗದಲ್ಲಿ ಅದು ಸುಮಾರು 1.25 ಮೀಟರ್ ಸರಿಯುತ್ತದೆ. ಫ್ರೇಮಿನ ಅಗಲಕ್ಕೆ 192 ಮೀಟರ್ ಜಾಗ ಬಂದಿದ್ದರೆ ಒಂದು ಪಿಕ್ಸೆಲ್ಲಿಗೆ 10 ಸೆಂಟಿಮೀಟರ್. ಅಲ್ಲಿಗೆ ಬೆಸ ಗೆರೆಯ ರೆಕ್ಕೆಗೂ ಸಮ ಗೆರೆಯ ರೆಕ್ಕೆಗೂ 12 ಪಿಕ್ಸೆಲ್ ಅಂತರ. ನಾನು ನೋಡಿದ ಬಾಚಣಿಗೆಯ ಹಲ್ಲಿನ ಉದ್ದ ಅದೇ. ಅದೇ ಫ್ರೇಮಿನಲ್ಲಿ ಕೆಳಗಿದ್ದ ಬಂಡೆಗಳಿಗೆ ಒಂದು ಹಲ್ಲೂ ಇರಲಿಲ್ಲ. ಬಂಡೆ ಅಲ್ಲಾಡಲ್ಲ, ಎರಡು ಕ್ಷಣದಲ್ಲೂ ಅಲ್ಲೇ ಇರುತ್ತದೆ.

ಹಳೆಯ ಡಬ್ಬಾ ಟಿವಿಯಲ್ಲಿ ಈ ತೊಂದರೆ ಇರಲಿಲ್ಲ. ಅದು ಫೀಲ್ಡ್‌ಗಳನ್ನು ಒಂದಾದ ಮೇಲೊಂದು ಹಾಗೇ ತೋರಿಸುತ್ತಿತ್ತು. ಕಂಪ್ಯೂಟರ್, ಮೊಬೈಲ್ ಪರದೆ ಇಡೀ ಚಿತ್ರವನ್ನು ಒಟ್ಟಿಗೇ ತೋರಿಸುತ್ತವೆ. ಅಲ್ಲಿ ಡಿಇಂಟರ್‌ಲೇಸ್ ಮಾಡದಿದ್ದರೆ, ಅಂದರೆ ಫೀಲ್ಡ್‌ಗಳನ್ನು ಪೂರ್ತಿ ಚಿತ್ರವಾಗಿ ಬದಲಿಸದಿದ್ದರೆ, ಹಲ್ಲು ಕಾಣುತ್ತದೆ. ಮಾಡುವಾಗ ಒಂದು ಫೀಲ್ಡ್ ಬಿಸಾಕಿದರೆ ನಿಜವಾಗಿ ಉಳಿಯೋದು 540 ಗೆರೆ.

ಇನ್ನೊಂದು ಗೊಂದಲ, ಬರೆಯೋ ರೀತಿಯದು. ಕ್ಯಾಮೆರಾ ಮೆನುವಿನಲ್ಲಿ 1080/50ಐ ಅಂತ ಇರುತ್ತದೆ. ಯುರೋಪಿನ ಪ್ರಸಾರಕರ ಒಕ್ಕೂಟ ಇಬಿಯು ಅದನ್ನೇ 1080ಐ/25 ಅಂತ ಬರೆಯುತ್ತದೆ. ಒಂದು ಫೀಲ್ಡ್ ಎಣಿಸುತ್ತದೆ, ಇನ್ನೊಂದು ಫ್ರೇಮ್. ವಸ್ತು ಒಂದೇ. ನಾನು ಎರಡೂ ಬೇರೆ ಬೇರೆ ಅಂತ ತಿಳಿದು ಎರಡು ಸಾಲಿನ ಪಟ್ಟಿ ಬರೆದುಕೊಂಡಿದ್ದೆ! ಇದರ ಮೇಲೆ 25ಪಿಯನ್ನೇ ಎರಡು ಫೀಲ್ಡಾಗಿ ಸೀಳಿ 50ಐ ಡಬ್ಬದಲ್ಲಿ ಹಾಕಿಡುವ ಕ್ಯಾಮೆರಾಗಳೂ ಇವೆ. ಇದಕ್ಕೆ ಪಿಎಸ್‌ಎಫ್ ಅನ್ನುತ್ತಾರೆ. ಫೈಲಿನ ಹೆಸರು 50ಐ, ಒಳಗೆ ಹಲ್ಲೇ ಇಲ್ಲ. ಲೇಬಲ್ ನಂಬಬೇಡಿ, ಚಿತ್ರ ನಿಲ್ಲಿಸಿ ನೋಡಿ.

ಫೀಲ್ಡ್ ಆರ್ಡರ್, ಅಂದರೆ ಯಾವ ಫೀಲ್ಡ್ ಮೊದಲು ಅನ್ನೋದರ ಬಗ್ಗೆ ಒಂದೇ ಮಾತು. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ (1, 3, 5ನೇ ಗೆರೆಗಳದ್ದು) ಮೊದಲು, ನಮ್ಮ ಹಳೇ ಟಿವಿ ಪದ್ಧತಿ ಪಾಲ್‌ನ ಡಿವಿ ಟೇಪಿನಲ್ಲಿ ಕೆಳಗಿನದು ಮೊದಲು. ಹಳೇ ಡಿವಿ ಮದುವೆ ಟೇಪನ್ನು ಎಡಿಟಿಂಗ್‌ನಲ್ಲಿ ಎಚ್‌ಡಿ ಟೈಮ್‌ಲೈನಿಗೆ ಹಾಕುವಾಗ ಇದನ್ನು ತಪ್ಪಿಸಿದರೆ ಕ್ಷಣಗಳು 2, 1, 4, 3 ಅಂತ ಬರುತ್ತವೆ. ಮದುಮಗಳು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಇಟ್ಟುಕೊಂಡು ನಡುಗುತ್ತಾ ಬರುತ್ತಾಳೆ.

720 ಕೀಳಲ್ಲ

1080 ದೊಡ್ಡದು, 720 ಚಿಕ್ಕದು, ಅಲ್ವಾ? ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಅಂತ ಲೆಕ್ಕ ಹಾಕಿ. 1080/50ಐಗೆ ಸುಮಾರು 5 ಕೋಟಿ 18 ಲಕ್ಷ. 720/50ಪಿಗೆ 4 ಕೋಟಿ 60 ಲಕ್ಷ. ಹೆಚ್ಚುಕಮ್ಮಿ ಒಂದೇ ತೂಕ. ಅಮೆರಿಕದಲ್ಲಿ ಕ್ರೀಡಾ ಚಾನೆಲ್ ಇಎಸ್‌ಪಿಎನ್ 720ಪಿ ಆರಿಸಿಕೊಂಡಿದ್ದು ಇದಕ್ಕೇ: ಆಟದಲ್ಲಿ ಓಟ ಜಾಸ್ತಿ, ಪ್ರತಿ ಕ್ಷಣವೂ ಪೂರ್ತಿ ಚಿತ್ರ ಬೇಕು. 1080/50ಪಿಗೆ ಮಾತ್ರ 10 ಕೋಟಿ 36 ಲಕ್ಷ, ಸರಿಯಾಗಿ ಎರಡರಷ್ಟು. ಹಾಗಾಗಿ ಕ್ಯಾಮೆರಾದಿಂದ ವಿಡಿಯೋ ಒಯ್ಯೋ ಎಸ್‌ಡಿಐ ಕೇಬಲ್ ಕೂಡ ಸೆಕೆಂಡಿಗೆ 1.485 ಗಿಗಾಬಿಟ್‌ನಿಂದ 2.97ಕ್ಕೆ ಏರಬೇಕಾಯಿತು.

ನನ್ನ 0.45

ಕ್ಯಾಮೆರಾ ಪೆಟ್ಟಿಗೆ ಮೇಲೆ 28 ಎಂಬಿಪಿಎಸ್, 50 ಎಂಬಿಪಿಎಸ್ ಅಂತ ಇರುತ್ತದೆ. ಅದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ (ಬಿಟ್‌ರೇಟ್), ಮೆಗಾಬೈಟ್ ಅಲ್ಲ. 8ರಿಂದ ಭಾಗಿಸಿ, 3600ರಿಂದ ಗುಣಿಸಿ, ಸಾವಿರದಿಂದ ಭಾಗಿಸಿ... ಮಂಟಪದಲ್ಲಿ ನಿಂತು ಇದೆಲ್ಲ ಆಗಲ್ಲ. ಸುಮ್ನೆ 0.45ರಿಂದ ಗುಣಿಸಿ, ಗಂಟೆಗೆ ಎಷ್ಟು ಜಿಬಿ ಅಂತ ಬರುತ್ತದೆ. ಎವಿಸಿಎಚ್‌ಡಿ ಅನ್ನೋ ರೆಕಾರ್ಡಿಂಗ್ ಫಾರ್ಮ್ಯಾಟಿನ 50ಪಿಯ 28ಕ್ಕೆ 12.6 ಜಿಬಿ. ಇನ್ನೊಂದು ಫಾರ್ಮ್ಯಾಟ್ ಎಕ್ಸ್‌ಡಿಕ್ಯಾಮ್ ಎಚ್‌ಡಿ422ನ 50ಕ್ಕೆ 22.5 ಜಿಬಿ. 100ಕ್ಕೆ 45. 64 ಜಿಬಿ ಕಾರ್ಡು 50ರಲ್ಲಿ ಮೂರು ಗಂಟೆಯೂ ಬಾಳಲ್ಲ. ಹಿಂದಿನ ದಿನ ರಾತ್ರಿಯ ಆರತಕ್ಷತೆ ಮುಗಿಸಿ, ಅದೇ ಕಾರ್ಡಿನಲ್ಲಿ ಬೆಳಗಿನ ಮುಹೂರ್ತಕ್ಕೆ ನಿಂತರೆ ಮರ್ಯಾದೆ ಹೋಗುತ್ತದೆ.

ಪಿಕ್ಸೆಲ್ ಸಂಖ್ಯೆ ಬೇರೆ, ಬಿಟ್‌ರೇಟ್ ಬೇರೆ. ನಮ್ಮೂರಿನವರಿಗೆ ಹೇಳಬೇಕೆಂದರೆ ಮಂಡಕ್ಕಿ ಚೀಲ ನೋಡಿ. ಚೀಲ ಆಳುದ್ದ, ಎತ್ತಿದರೆ ಹಗುರ. 1920×1080 ಅನ್ನೋದು ಚೀಲದ ಗಾತ್ರ ಮಾತ್ರ. ಎಚ್‌ಡಿವಿ ಟೇಪಿನಲ್ಲಂತೂ 1440×1080ನ್ನೇ 25 ಮೆಗಾಬಿಟ್‌ನಲ್ಲಿ ತುಂಬಿ, ತೋರಿಸುವಾಗ ಅಡ್ಡಕ್ಕೆ ಹಿಗ್ಗಿಸುತ್ತಿದ್ದರು.

ಬಣ್ಣದ ವಿವರ ಎಷ್ಟು ಉಳಿಯುತ್ತದೆ ಅಂತ ಹೇಳೋ 4:2:0, 4:2:2 ಬಗ್ಗೆ ಚಿಕ್ಕದಾಗಿ: ಬೆಳಕಿನ ವಿವರ ಎರಡರಲ್ಲೂ ಪೂರ್ತಿ. ಬಣ್ಣ ಮಾತ್ರ 4:2:0ಯಲ್ಲಿ 960×540, 4:2:2ರಲ್ಲಿ 960×1080. ಹಸಿರು ಪರದೆ ಹಿಂದೆ ಇಟ್ಟು ಶೂಟ್ ಮಾಡಿ ಆಮೇಲೆ ಹಿನ್ನೆಲೆ ಬದಲಿಸೋರಿಗೆ 4:2:2 ಬೇಕು. ಲಗ್ನಕ್ಕೆ ಅದು ಇಲ್ಲದಿದ್ದರೂ ನಡೆಯುತ್ತದೆ.

ಕ್ಯಾಮೆರಾ ಆರಿಸೋದು

ನಾನು ಮೊದಲು ಕೇಳೋದು: ಇದು ಸೆಕೆಂಡಿಗೆ 50 ಕ್ಷಣ ಕೊಡುತ್ತದಾ, ಬರೀ 60 ಕೊಡುತ್ತದಾ? ನಮ್ಮ ಮಾವ ಅಮೆರಿಕದಿಂದ ಒಂದು ಕ್ಯಾಮೆರಾ ತಂದುಕೊಟ್ಟಿದ್ದರು. ಖುಷಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಒಯ್ದೆ. ಟ್ಯೂಬ್‌ಲೈಟ್ ಕೆಳಗೆ ಇಡೀ ವಿಡಿಯೋ ಮಿಣಮಿಣ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್, ಅಂದರೆ ಒಂದು ಚಿತ್ರಕ್ಕೆ ಬೆಳಕು ಬೀಳೋ ಹೊತ್ತು, 1/50 ಸೆಕೆಂಡ್ ಇದ್ದರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಏರಿಳಿತ ಸಿಗುತ್ತವೆ. 1/60 ಆದರೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಒಂದು ಚಿತ್ರಕ್ಕೆ ಬೆಳಕು ಜಾಸ್ತಿ, ಮುಂದಿನದಕ್ಕೆ ಕಮ್ಮಿ. ಶಟರನ್ನು 1/100 ಮಾಡಿದರೆ ಒಂದು ಏರಿಳಿತ ಪೂರ್ತಿ ಸಿಕ್ಕಿ ಮಿಣಮಿಣ ನಿಲ್ಲುತ್ತದೆ, ಆದರೆ ಚಿತ್ರ ಕತ್ತಲಾಗುತ್ತದೆ. ಆ ಕ್ಯಾಮೆರಾದ ಮೆನುವಿನಲ್ಲಿ 50 ಇರಲೇ ಇಲ್ಲ.

ಆಮೇಲೆ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸೋ ಕಪ್ಪು ಗಾಜು. ದುರ್ಗದ ಕೋಟೆಯಲ್ಲಿ ಮಧ್ಯಾಹ್ನ, ಐಎಸ್‌ಓ (ಬೆಳಕಿನ ಸೂಕ್ಷ್ಮತೆ) 100, ಶಟರ್ 1/50 ಇಟ್ಟರೆ ಐರಿಸ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್22ರಷ್ಟು ಚಿಕ್ಕದಾಗಬೇಕು. ಚಿಕ್ಕ ಸೆನ್ಸರಿನಲ್ಲಿ (ಚಿತ್ರ ಹಿಡಿಯೋ ಚಿಪ್ಪಿನಲ್ಲಿ) ಅಷ್ಟು ಮುಚ್ಚಿದರೆ ಚಿತ್ರ ಮಸುಕು. ಬೆಳಕನ್ನು 1/16ಕ್ಕೆ ತಗ್ಗಿಸೋ ಎನ್‌ಡಿ ಒಂದು ಗುಂಡಿ ಒತ್ತಿದ ಕೂಡಲೇ ಬಂದರೆ ಎಫ್5.6ಕ್ಕೆ ಇಳಿಯುತ್ತದೆ. ಇದು ಒಳಗೇ ಇರೋ ಕ್ಯಾಮೆರಾ ನನಗೆ 4ಕೆಗಿಂತ ಮುಖ್ಯ.

ಸೆನ್ಸರಿನ ಇಂಚು ಸುಳ್ಳು ಇಂಚು. 1/3 ಇಂಚಿನ ಸೆನ್ಸರಿನ ಕರ್ಣ ಸುಮಾರು 6 ಮಿಲಿಮೀಟರ್, ನಿಜವಾದ 1/3 ಇಂಚು ಎಂಟೂವರೆ. ಹಳೆಯ ಟ್ಯೂಬ್ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬಿನ ಹೊರ ಅಳತೆ ಹೇಳುತ್ತಿದ್ದರು, ಅದೇ ಉಳಿದುಕೊಂಡಿದೆ.

ಆಡಿಯೋಗೆ ಹೊರಗಿನ ಮೈಕ್ ಜೋಡಿಸೋ ಎಕ್ಸ್‌ಎಲ್‌ಆರ್ ಜೊತೆಗೆ ಕೈಯಲ್ಲಿ ತಿರುಗಿಸೋ ಲೆವೆಲ್ ಬೇಕೇ ಬೇಕು. ಆಟೋದಲ್ಲಿ ಬಿಟ್ಟರೆ ಗಟ್ಟಿಮೇಳ ಶುರುವಾದ ಕೂಡಲೇ ಕ್ಯಾಮೆರಾ ಹೆದರಿ ಶಬ್ದ ತಗ್ಗಿಸುತ್ತದೆ. ಮೇಳ ನಿಂತ ಮೇಲೂ ಸ್ವಲ್ಪ ಹೊತ್ತು ಪುರೋಹಿತರ ಬಾಯಿ ಮಾತ್ರ ಆಡುತ್ತಿರುತ್ತದೆ.

ಸೆಕೆಂಡ್‌ಹ್ಯಾಂಡ್ ತಗೊಳ್ಳೋರಿಗೆ ನನ್ನ ಪರೀಕ್ಷೆ ಒಂದೇ. ಅಂಗಡಿಯಲ್ಲಿ ಸೀಲಿಂಗ್ ಫ್ಯಾನನ್ನು ಒಂದನೇ ನಂಬರಿಗೆ ಇಡಿಸಿ, ಪಕ್ಕದ ಟ್ಯೂಬ್‌ಲೈಟೂ ಫ್ರೇಮಿನಲ್ಲಿ ಬರೋ ಹಾಗೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ರೆಕ್ಕೆಗೆ ಹಲ್ಲಿದ್ದರೆ ಐ. ಬೆಳಕು ಮಿಣಮಿಣ ಅಂದರೆ 60. ಹೋದ ವಾರ ಒಂದು ಅಂಗಡಿಯಲ್ಲಿ ಹೀಗೇ ಮೇಲೆ ನೋಡಿಕೊಂಡು ನಿಂತಿದ್ದೆ. "ಫ್ಯಾನು ಮಾರಾಕಿಲ್ಲಪಾ" ಅಂದರು ಅಂಗಡಿಯವರು.