ನೀರಿನ ಲೆಕ್ಕದಲ್ಲಿ ಜೈಸಲ್ಮೇರ್

ಮುಂಬಯಿಯ ಕನ್ನಡ ಕುಟುಂಬಗಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ನನ್ನ ವೃತ್ತಿ. ದಸರೆ ಮುಗಿಯುತ್ತಿದ್ದಂತೆ ಮಾಟುಂಗಾ, ಮುಲುಂಡ್, ಡೊಂಬಿವಲಿಗಳಿಂದ ಜೈಸಲ್ಮೇರಿನ ವಿಚಾರಣೆ ಶುರುವಾಗುತ್ತದೆ. ಒಂಟೆ ಸವಾರಿ ಇದೆಯೇ, ಊಟಕ್ಕೆ ಅನ್ನ ಸಿಗುತ್ತದೆಯೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ನೀರಿನ ವಿಷಯ. ಆ ಊರಿನ ಕೋಟೆಯ ಇಂದಿನ ಸಂಕಟ, ಕೆರೆಯ ಮಹತ್ವ, ಅಡುಗೆಯ ರುಚಿ ಎಲ್ಲವೂ ನೀರಿಗೇ ಬಂದು ಸೇರುತ್ತವೆ.

ಮುಂಬಯಿಯಲ್ಲಿ ಬೆವರು ಮೈಗೆ ಅಂಟಿಕೊಂಡೇ ಇರುವುದರಿಂದ ದಣಿವು ಬೇಗ ತಿಳಿಯುತ್ತದೆ. ಥಾರ್ ಮರುಭೂಮಿಯ ಒಣಗಾಳಿಯಲ್ಲಿ ಅದು ಬಂದಷ್ಟೇ ಬೇಗ ಆರಿಹೋಗುತ್ತದೆ, ದೇಹ ನೀರು ಕಳೆದುಕೊಳ್ಳುತ್ತಿರುವುದು ಗೊತ್ತೇ ಆಗುವುದಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ಒಮ್ಮೆ ನಡುಮಧ್ಯಾಹ್ನ ತಂಡವನ್ನು ಕೋಟೆ ಹತ್ತಿಸಿದ್ದೆ. ಬಾಯಾರಿಕೆಯೇ ಇಲ್ಲವೆಂದು ಹೇಳುತ್ತಿದ್ದ ಹಿರಿಯರೊಬ್ಬರು ತಲೆಸುತ್ತಿ ಕುಸಿದು ಕುಳಿತರು. ಅಂದಿನಿಂದ ಚಳಿಗಾಲದಲ್ಲಿಯೂ ಬೆಳಗಿನ 11ರಿಂದ ಸಂಜೆ 4ರವರೆಗೆ ಬಯಲಿನ ಕಾರ್ಯಕ್ರಮ ಇಡುವುದಿಲ್ಲ. ಬಾಯಾರಲಿ, ಬಾಯಾರದಿರಲಿ, ಗಂಟೆಗೊಮ್ಮೆ ನೀರು ಕುಡಿಸುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಗಡೀಸರ್ ಕೆರೆಯ ದಂಡೆಯಲ್ಲಿರಬೇಕು. 14ನೆಯ ಶತಮಾನದ ಈ ಕೆರೆ ಮಳೆನೀರನ್ನು ಹಿಡಿದಿಟ್ಟು ಶತಮಾನಗಳ ಕಾಲ ಊರಿಗೆ ನೀರುಣಿಸಿತು. ಇದನ್ನು ಕಂಡ ಮೇಲೆ ಕೋಟೆ ಹತ್ತಿದರೆ, ಅಷ್ಟು ಎತ್ತರಕ್ಕೆ ಒಂದೊಂದು ಕೊಡವನ್ನೂ ಹೊತ್ತವರ ಬದುಕು ಕಣ್ಣಿಗೆ ಕಟ್ಟುತ್ತದೆ.

ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಕಟ್ಟಿಸಲು ತೊಡಗಿದ ಈ ಕೋಟೆಗೆ 99 ಬುರುಜುಗಳಿವೆ. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದಿಗೂ ಒಳಗೆ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಕೊಡದಲ್ಲಿ ನೀರು ಹೊರುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆಗೆ ನಲ್ಲಿ ಬಂದ ಮೇಲೆ ಬಚ್ಚಲ ನೀರು ಅಡಿಪಾಯದ ಮಣ್ಣಿಗೆ ಇಂಗತೊಡಗಿತು, 1990ರ ದಶಕದಲ್ಲಿ ಕೆಲವು ಬುರುಜುಗಳು ಕುಸಿದವು. ಕೋಟೆಯೊಳಗಿನ ಕೋಣೆಯ ಕಿಟಕಿಯಿಂದ ಕಾಣುವ ನೋಟ ಎಷ್ಟೇ ಚೆಲುವಾಗಿರಲಿ, ನನ್ನ ತಂಡಗಳನ್ನು ನಾನು ಕೆಳಗಿನ ಊರಿನಲ್ಲೇ ಉಳಿಸುತ್ತೇನೆ. ಒಳಗಿನ ಜೈನ ಬಸದಿಗಳಿಗೆ ಚರ್ಮದ ಬೆಲ್ಟು, ಪರ್ಸು ಒಯ್ಯುವಂತಿಲ್ಲವೆಂಬುದು ನೆನಪಿರಲಿ.

ಮಧ್ಯಾಹ್ನ ಹವೇಲಿಗಳಿಗೆ, ಎಂದರೆ ಸಿರಿವಂತರ ಹಳೆಯ ಮಹಲುಗಳಿಗೆ, ಸರಿಯಾದ ಹೊತ್ತು. ಪಟ್ವಾ ವರ್ತಕರ ಐದು ಹವೇಲಿಗಳ ಹಳದಿ ಕಲ್ಲಿನ ಜಾಲಂಧ್ರಗಳ ಪಕ್ಕದಲ್ಲಿ ಸುಮ್ಮನೆ ಐದು ನಿಮಿಷ ನಿಂತು ನೋಡಿ: ಬಿಸಿಲನ್ನು ಹೊರಗೇ ತಡೆದು ಗಾಳಿಯನ್ನಷ್ಟೇ ಒಳಬಿಡುವ ಆ ಕೆತ್ತನೆಯ ಉಪಯೋಗ ಕೆನ್ನೆಗೇ ತಿಳಿಯುತ್ತದೆ.

ಮರಳ ದಿಬ್ಬಗಳಿಗೆಂದು ಹೆಚ್ಚಿನವರು ಸುಮಾರು 40 ಕಿಲೋಮೀಟರ್ ದೂರದ ಸಮ್‌ಗೆ ಹೋಗುತ್ತಾರೆ. ಜನಜಂಗುಳಿ ಬೇಡವೆನ್ನುವವರಿಗೆ ನನ್ನ ಆಯ್ಕೆ ಖುರಿ. ಒಂಟೆ ಏಳುವಾಗ ಹಿಂಗಾಲನ್ನು ಮೊದಲು ಎತ್ತುತ್ತದೆ, ಆದ್ದರಿಂದ ಹಿಂದಕ್ಕೆ ವಾಲಿ ಕುಳಿತು ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕು. ಮರಳು ಹಗಲಿನ ಕಾವನ್ನು ಬೇಗ ಬಿಟ್ಟುಕೊಡುವುದರಿಂದ ಡಿಸೆಂಬರ್, ಜನವರಿಯ ರಾತ್ರಿಗಳು ಕೊರೆಯುತ್ತವೆ. ಮುಂಬಯಿಯ ಮನೆಗಳಲ್ಲಿ ಸ್ವೆಟರ್ ಇರುವುದೇ ಅಪರೂಪವಾದ್ದರಿಂದ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಊಟದ ವಿಷಯಕ್ಕೆ ಬಂದರೆ, ಬೇಳೆ, ಸುಟ್ಟ ಗೋಧಿ ಉಂಡೆ, ಸಿಹಿಪುಡಿ ಸೇರಿದ ದಾಲ್ ಬಾಟಿ ಚೂರ್ಮಾ ಎಲ್ಲರಿಗೂ ಗೊತ್ತಿರುವಂಥದ್ದು. ನಮ್ಮ ಸಜ್ಜೆ ರೊಟ್ಟಿಯೇ ಅಲ್ಲಿಯ ಬಾಜ್ರೆಯ ರೊಟ್ಟಿ, ಬಾಗಲಕೋಟೆ, ಕೊಪ್ಪಳದ ಕಡೆಯವರಿಗೆ ಅದು ಹೊಸತಲ್ಲ. ನಾನು ಎಲ್ಲರಿಗೂ ತಪ್ಪದೆ ತಿನ್ನಿಸುವುದು ಕೇರ್ ಸಾಂಗ್ರಿ. ಕೇರ್ ಎಂಬುದು ಮುಳ್ಳುಪೊದೆಯೊಂದರ ಪುಟ್ಟ ಕಾಯಿ. ಸಾಂಗ್ರಿ ಎಂಬುದು ಖೇಜಡಿ ಮರದ ಎಳೆಯ ಕೋಡು. ಈ ಖೇಜಡಿ ಬೇರೆ ಯಾವುದೂ ಅಲ್ಲ, ನಾವು ವಿಜಯದಶಮಿಯಂದು ಪೂಜಿಸುವ ಬನ್ನಿ. ಇದನ್ನು ಹೇಳಿದಾಗ ಡೊಂಬಿವಲಿಯಲ್ಲಿ ನೆಲೆಸಿದ ವಿಜಯಪುರದ ಅಜ್ಜಿಯೊಬ್ಬರು ತುತ್ತನ್ನು ಕೈಯಲ್ಲೇ ಹಿಡಿದು, "ಬಂಗಾರ ಅಂತ ಹಂಚೋ ಗಿಡದ ಕಾಯಿ ಪಲ್ಯಾ ಮಾಡ್ತಾರೇನಪಾ ಇಲ್ಲಿ?" ಎಂದು ಕೇಳಿದರು. ಮುಂಬಯಿಗೆ ಬಂದ ಮೇಲೆ ದಸರೆಗೆ ಮಾರುಕಟ್ಟೆಯ ಆಪಟಾ ಎಲೆಯನ್ನೇ ಬಂಗಾರವೆಂದು ಹಂಚುತ್ತ ಬಂದವರು ಅವರು. ಮರುದಿನ ಖುರಿಯ ದಾರಿಯಲ್ಲಿ ಗಾಡಿ ನಿಲ್ಲಿಸಿ ಬನ್ನಿ ಮರವೊಂದನ್ನು ತೋರಿಸಿದೆ. ಕಾಂಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಒಣಗಿಸಿದ ಸಾಂಗ್ರಿ ಪೇಟೆಯಲ್ಲಿ ಸಿಗುತ್ತದೆ, ಅದನ್ನು ತನ್ನಿ. ರಾತ್ರಿಯಿಡೀ ನೆನೆಹಾಕಿ, ಬೇಯಿಸಿ ಬಸಿದು, ಎಣ್ಣೆಯಲ್ಲಿ ಒಣಮೆಣಸಿನಕಾಯಿ, ಕೊತ್ತಂಬರಿ ಪುಡಿ, ಮಾವಿನಕಾಯಿ ಪುಡಿ ಹಾಕಿ ಬಾಡಿಸಿದರಾಯಿತು. ಆದರೆ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿಯುವುದರಿಂದ ಜೂನ್‌ಗೆ ಮೊದಲು ಒಮ್ಮೆ ಬಿಸಿಲು ಕಾಯಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಿಡಬೇಕು.