ಎಣ್ಣೆ ತಿಕ್ಕಿಸಿಕೊಂಡ ಮೇಲೆ ಮೈ ಇನ್ನಷ್ಟು ನೋಯುವುದೇಕೆ?

ಪ್ರಶ್ನೆ: ಕೆಲಸದ ಒತ್ತಡಕ್ಕೆ ಕತ್ತು, ಹೆಗಲು ಸದಾ ಬಿಗಿದುಕೊಂಡಿರುತ್ತವೆ. ರಾತ್ರಿ ಮಲಗಿದರೆ ಯೋಚನೆ ನಿಲ್ಲುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯವರ ಕೈಯಲ್ಲಿ ಚೆನ್ನಾಗಿ ಎಣ್ಣೆ ತಿಕ್ಕಿಸಿಕೊಂಡು ಬಿಸಿನೀರಲ್ಲಿ ಮೀಯುತ್ತೇನೆ. ಹಾಯೆನಿಸುವ ಬದಲು ಮರುದಿನ ಪೆಟ್ಟು ತಿಂದ ಹಾಗಿರುತ್ತದೆ. ತಪ್ಪು ಎಲ್ಲಾಗುತ್ತಿದೆ? ದುಡ್ಡು ಕೊಟ್ಟು ಸ್ಪಾಗೇ ಹೋಗಬೇಕೆ?

ಉತ್ತರ: ಸ್ಪಾಗೆ ಹೋಗಲೇಬೇಕೆಂದಿಲ್ಲ. ತಪ್ಪಿರುವುದು ಬಹುಮಟ್ಟಿಗೆ ಕೈಯ ಬಲದಲ್ಲಿ, ವೇಗದಲ್ಲಿ. ಜೋರಾಗಿ ತಿಕ್ಕಿದರೇ ಆಯಾಸ ಬಿಡುವುದು ಎಂಬ ನಂಬಿಕೆ ನಮ್ಮ ಮಲೆನಾಡಿನ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಒತ್ತಡಕ್ಕೆ ಬಿಗಿದ ಮೈ ಪೆಟ್ಟಿಗೆ ಹೆದರಿದ ಮೈಯ ಹಾಗೆಯೇ ನಡೆದುಕೊಳ್ಳುತ್ತದೆ. ನೋವಾದ ಕೂಡಲೇ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಮತ್ತಷ್ಟು ಬಿಗಿಯುತ್ತದೆ. ಆ ಬಿಗಿತದ ಮೇಲೆ ಇನ್ನೂ ಒತ್ತಿದಾಗ ಒಳಗೆ ಸಣ್ಣಪುಟ್ಟ ಗಾಸಿಯಾಗುತ್ತದೆ. ಮರುದಿನದ ನೋವು ಅದೇ.

ಒತ್ತಡ ಇಳಿಸುವ ಮಸಾಜಿಗೆ ಬಲದ ಅಳತೆ ಹೀಗಿಟ್ಟುಕೊಳ್ಳಿ: ಹತ್ತು ಅಂದರೆ ತಡೆಯಲಾಗದ ನೋವು ಅಂತಾದರೆ, ನಾಲ್ಕು ದಾಟಬಾರದು. ತಿಕ್ಕಿಸಿಕೊಳ್ಳುವವರು ಬಾಯಿಬಿಟ್ಟು ಹೇಳದಿದ್ದರೂ ಮೈ ಹೇಳುತ್ತದೆ. ಉಸಿರು ಹಿಡಿದರೆ, ಹಲ್ಲು ಕಚ್ಚಿದರೆ, ಕಾಲ್ಬೆರಳು ಮುದುಡಿದರೆ ಕೈ ಸಡಿಲಿಸಿ.

ವೇಗದ ವಿಷಯ ಇನ್ನೂ ಮುಖ್ಯ. ರೋಮವಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ತೆಳುವಾದ ನರತಂತುಗಳಿವೆ. ಹಿತವಾದ ಸ್ಪರ್ಶದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಲ್ಲಿ ಇವುಗಳ ಪಾತ್ರ ದೊಡ್ಡದು. ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದಲ್ಲಿ, ಬೆಚ್ಚಗಿನ ಕೈ ಹಗುರವಾಗಿ ಸವರಿದಾಗ ಇವು ಚೆನ್ನಾಗಿ ಸ್ಪಂದಿಸುತ್ತವೆ. ಮೊಣಕೈಯಿಂದ ಮಣಿಕಟ್ಟಿಗೆ ಸುಮಾರು 25 ಸೆಂ.ಮೀ. ಇದೆ ಅಂದುಕೊಳ್ಳಿ. ಅದನ್ನು ದಾಟಲು ಅಂಗೈಗೆ 6ರಿಂದ 8 ಸೆಕೆಂಡು ಬೇಕು. ಗಡಿಯಾರ ನೋಡಿಕೊಂಡು ಒಮ್ಮೆ ಮಾಡಿ ನೋಡಿ, ನಾವೆಲ್ಲ ಎಷ್ಟು ಅವಸರದಲ್ಲಿ ಎಣ್ಣೆ ಹಚ್ಚುತ್ತೇವೆಂದು ತಿಳಿಯುತ್ತದೆ. ಸರಸರ ತಿಕ್ಕಿದರೆ ಮೈ ಚುರುಕಾಗುತ್ತದೆ, ತಣಿಯುವುದಿಲ್ಲ.

ಎಣ್ಣೆಯಲ್ಲೂ ತೊಡಕಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ, ಅಡಿಕೆ ಸುಲಿಯುವ ಚಳಿಯಲ್ಲಿ ಅದು ಬಾಟಲಿಯಿಂದ ಇಳಿಯುವುದೇ ಇಲ್ಲ. ಆ ದಿನಗಳಿಗೆ ಎಳ್ಳೆಣ್ಣೆ ಒಳ್ಳೆಯದು. ಹರಳೆಣ್ಣೆ ತೀರಾ ಮಂದ. ಅದನ್ನೊಂದನ್ನೇ ಹಚ್ಚಿದರೆ ಕೈ ಜಾರದೆ ಚರ್ಮವನ್ನು, ರೋಮವನ್ನು ಎಳೆಯುತ್ತದೆ, ಮರುದಿನ ಸಣ್ಣ ಗುಳ್ಳೆಗಳೂ ಏಳಬಹುದು. ಮೂರು ಪಾಲು ಎಳ್ಳೆಣ್ಣೆಗೆ ಒಂದು ಪಾಲು ಹರಳೆಣ್ಣೆ ಬೆರೆಸಿದರೆ ಸರಿಹೋಗುತ್ತದೆ. ಇಡೀ ಮೈಗೆ 50 ಮಿ.ಲೀ., ಅಂದರೆ ಸಣ್ಣ ಕಾಫಿ ಲೋಟದ ಅರ್ಧ ಸಾಕು. ಎಣ್ಣೆಯನ್ನು ನೇರ ಒಲೆಯ ಮೇಲಿಡಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಐದು ನಿಮಿಷ ನಿಲ್ಲಿಸಿ, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ. ಬೆಚ್ಚಗಿರಬೇಕು, ಚುರ್ರೆನ್ನಬಾರದು. ಹೊಸ ಎಣ್ಣೆಯಾದರೆ ಹಿಂದಿನ ದಿನವೇ ಮೊಣಕೈ ಮಡಿಕೆಯಲ್ಲಿ ಸ್ವಲ್ಪ ಹಚ್ಚಿ ತುರಿಕೆ ಬರುತ್ತದೆಯೇ ಪರೀಕ್ಷಿಸಿ.

ಬಚ್ಚಲೊಲೆ ಇರುವ ಮನೆಯಾದರೆ ಮುಂಚೆಯೇ ಬೆಂಕಿ ಹಾಕಿ. ಹಂಡೆಯ ನೀರು ಕಾಯುವಷ್ಟರಲ್ಲಿ ಬಚ್ಚಲುಮನೆಯೂ ಬೆಚ್ಚಗಾಗಿರುತ್ತದೆ. ಎಣ್ಣೆ ಮೈಗೆ ಗಾಳಿ ಬಡಿದು ನಡುಕ ಬಂದರೆ ಇಳಿಸಿದ ಹೆಗಲು ಮತ್ತೆ ಮೇಲೇರುತ್ತದೆ. ಹೊಗೆ ಹೋಗಲು ದಾರಿ ಇರಲಿ. ಗ್ಯಾಸ್ ಗೀಸರ್ ಇರುವವರು ಒಂದು ಮಾತು ನೆನಪಿಡಿ: ಅದು ಸ್ನಾನದ ಕೋಣೆಯ ಹೊರಗೇ ಇರಬೇಕು, ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಇನ್ನು ಕೈ ಓಡಿಸುವ ಕ್ರಮ. ಮಣೆಯ ಮೇಲೆ ಕೂತು ಪಾದದಿಂದ ಶುರು ಮಾಡಿ. ಹೆಬ್ಬೆರಳಿನಿಂದ ಹಿಮ್ಮಡಿಯ ಮುಂದಿನಿಂದ ಬೆರಳುಗಳ ಬುಡದವರೆಗೆ ನಿಧಾನ ಎಳೆಯಿರಿ, ಒಂದೊಂದು ಪಾದಕ್ಕೆ ಎರಡು ನಿಮಿಷ. ಕೈಕಾಲುಗಳಿಗೆ ಉದ್ದಕ್ಕೆ ಸವರಿ, ಕೀಲುಗಳ ಸುತ್ತ ವೃತ್ತಾಕಾರದಲ್ಲಿ. ಇಷ್ಟಕ್ಕೆ ಹೆಚ್ಚು ಹೊತ್ತು ಕೊಡದಿದ್ದರೂ ಅಡ್ಡಿಯಿಲ್ಲ, ಕೈಯ ವೇಗ ಮಾತ್ರ ನಿಧಾನವೇ ಇರಲಿ.

ಸಮಯ ಕೊಡಬೇಕಾದ್ದು ಹೆಗಲಿಗೆ. ಕತ್ತಿನಿಂದ ಹೆಗಲ ತುದಿಗೆ ಇಳಿಯುವ ದಪ್ಪ ಸ್ನಾಯುವಿಗೆ ಟ್ರಪೀಜಿಯಸ್ ಎನ್ನುತ್ತಾರೆ. ಮನಸ್ಸು ಬಿಗಿದಾಗ ನಮಗರಿವಿಲ್ಲದೆ ಹೆಗಲನ್ನು ಕಿವಿಯ ಕಡೆಗೆ ಎತ್ತಿ ಹಿಡಿಯುವುದು ಇದೇ. ಕಂಪ್ಯೂಟರಿನ ಮುಂದೆ ಕೂರುವವರಿಗೂ ಮೆಟ್ಟುಗತ್ತಿಯ ಮುಂದೆ ಬಗ್ಗಿ ಅಡಿಕೆ ಸುಲಿಯುವವರಿಗೂ ಮೊದಲು ಗಂಟು ಕಟ್ಟುವ ಜಾಗ ಇದು. ಬಲಗೈಯನ್ನು ಎಡ ಹೆಗಲ ಮೇಲಿಟ್ಟು ಅಂಗೈ ಮತ್ತು ಬೆರಳುಗಳ ನಡುವೆ ಆ ಸ್ನಾಯುವನ್ನು ಚಪಾತಿ ಹಿಟ್ಟಿನ ಹಾಗೆ ಹಿಡಿಯಿರಿ. ಉಸಿರು ಬಿಡುತ್ತ ಮೆಲ್ಲಗೆ ಹಿಸುಕಿ, ಆರು ಸೆಕೆಂಡು ಹಿಡಿದು, ಅಷ್ಟೇ ಮೆಲ್ಲಗೆ ಬಿಡಿ. ಕತ್ತಿನ ಬುಡದಿಂದ ಹೆಗಲ ತುದಿಯವರೆಗೆ ನಾಲ್ಕು ಜಾಗ, ಎರಡು ಸುತ್ತು. ಗಂಟು ಸಿಕ್ಕಿತೆಂದು ಹೆಬ್ಬೆರಳಿನಿಂದ ಒಡೆಯಲು ಹೋಗಬೇಡಿ.

ಆಮೇಲೆ ತಲೆಬುರುಡೆಯ ಕೆಳಗೆ, ಬೆನ್ನುಮೂಳೆಯ ಎರಡೂ ಬದಿಯ ಗುಳಿಗಳಲ್ಲಿ ಹೆಬ್ಬೆರಳುಗಳನ್ನಿಟ್ಟು ತಲೆಯ ಭಾರವನ್ನೇ ಅವುಗಳ ಮೇಲೆ ಒರಗಿಸಿ. 20 ಸೆಕೆಂಡು, ಮೂರು ಸಲ. ಹಲ್ಲು ಕಚ್ಚಿಕೊಂಡು ಮಲಗುವವರು ದವಡೆಯ ಮೂಲೆಯಲ್ಲಿ, ಕಚ್ಚಿದಾಗ ಉಬ್ಬುವ ಸ್ನಾಯುವಿನ ಮೇಲೆ ಸಣ್ಣ ವೃತ್ತ ಹಾಕಲಿ. ಕತ್ತಿನ ಮುಂಭಾಗ ಮತ್ತು ಪಕ್ಕದಲ್ಲಿ ನಾಡಿ ಬಡಿಯುವ ಜಾಗವನ್ನು ಒತ್ತಲೇಬಾರದು. ಬೆನ್ನಿಗೆ ಮನೆಯವರ ಕೈ ಬೇಕು. ಮೂಳೆಯನ್ನು ಬಿಟ್ಟು ಅದರ ಎರಡೂ ಬದಿಯಲ್ಲಿ ಸೊಂಟದಿಂದ ಮೇಲಕ್ಕೆ ಅಂಗೈ ಒತ್ತಿ ಹೋಗಿ, ಬರುವಾಗ ಹಗುರವಾಗಿ ಸವರಿ ಇಳಿಯಬೇಕು.

ಕತ್ತನ್ನು ತಟಕ್ಕನೆ ತಿರುಗಿಸಿ ನೆಟಿಗೆ ತೆಗೆಯುವ ಅಭ್ಯಾಸ ಮನೆಯಲ್ಲೂ ಬೇಡ, ಕ್ಷೌರದಂಗಡಿಯಲ್ಲೂ ಬೇಡ. ಕತ್ತಿನ ಮೂಳೆಗಳ ಮೂಲಕ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಆ ತಿರುವಿಗೆ ಹರಿದು ಲಕ್ವ ಹೊಡೆಯಬಹುದು.

ಇದರಿಂದ ಏನು ನಿರೀಕ್ಷಿಸಬಹುದು? 37 ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಒಂದು ಸಲದ ಮಸಾಜಿನಿಂದ ಆ ಹೊತ್ತಿನ ಆತಂಕ, ಎದೆಬಡಿತ, ರಕ್ತದೊತ್ತಡ ಇಳಿದದ್ದು ಕಂಡಿತು. ಆದರೆ ಸ್ವಭಾವಕ್ಕೇ ಅಂಟಿದ ಆತಂಕ, ಖಿನ್ನತೆಯ ಮೇಲೆ ದೊಡ್ಡ ಪರಿಣಾಮ ಕಂಡದ್ದು ಹಲವು ಸಲ ಮಾಡಿಸಿಕೊಂಡವರಲ್ಲಿ. ಹಾಗಾಗಿ ತಿಂಗಳಿಗೊಮ್ಮೆ ಒಂದು ಗಂಟೆಗಿಂತ ವಾರಕ್ಕೊಂದು ಪೂರ್ತಿ ಎಣ್ಣೆಸ್ನಾನ, ಉಳಿದ ದಿನ ಪಾದಕ್ಕೂ ಹೆಗಲಿಗೂ ಹತ್ತು ನಿಮಿಷ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ವಾಗ್ಭಟರ ಅಷ್ಟಾಂಗಹೃದಯವೂ ದಿನಚರಿಯಲ್ಲಿ ಅಭ್ಯಂಗ ಹೇಳಿ ತಲೆ, ಕಿವಿ, ಪಾದಗಳಿಗೆ ವಿಶೇಷ ಗಮನ ಕೊಡಲು ಹೇಳುತ್ತದೆ. ಮೈಯ ವಿಷ ಹೊರಬರುತ್ತದೆ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ. ಆ ಕೆಲಸ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳದ್ದು.

ಜ್ವರ, ಚರ್ಮದ ಸೋಂಕು ಇದ್ದಾಗ ಎಣ್ಣೆ ಹಚ್ಚಬೇಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಳೆ ಸವೆದವರು, ಬಸುರಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ. ತೋಳಿಗೆ ಜೋಮು ಇಳಿಯುವ ಕತ್ತುನೋವಿಗೆ, ವಾರಗಟ್ಟಲೆ ಬಾರದ ನಿದ್ದೆಗೆ ಕೂಡ ವೈದ್ಯರೇ ಬೇಕು.

ಎಣ್ಣೆ ತೆಗೆಯುವಾಗಲೂ ಮೈ ಕೆಂಪಾಗುವಂತೆ ಉಜ್ಜಬೇಡಿ. ಕಡಲೆಹಿಟ್ಟು ಅಥವಾ ಸೀಗೆಪುಡಿ ಸಾಕು. ತಲೆಗೆ ದಾಸವಾಳ ಸೊಪ್ಪಿನ ಗೊಂಪು ಹಿತ. ಗೊಂಪು, ಎಣ್ಣೆ ಎರಡೂ ನೆಲಕ್ಕೆ ಬಿದ್ದರೆ ಬಚ್ಚಲ ಕಲ್ಲು ಭಾರೀ ಜಾರುತ್ತದೆ, ಏಳುವ ಮೊದಲು ಅಂಗಾಲು ಒರೆಸಿಕೊಳ್ಳಿ. ಹೊಗೆಯಾಡುವ ನೀರನ್ನು ಮೈಮೇಲೆ ಸುರಿದುಕೊಂಡರೆ ರಕ್ತನಾಳಗಳು ಹಿಗ್ಗಿ ಎದ್ದ ಕೂಡಲೇ ತಲೆ ತಿರುಗುತ್ತದೆ. ಮರುದಿನದ ಸುಸ್ತಿಗೆ ಇದರ ಪಾಲೂ ಇರಬಹುದು. 40 ಡಿಗ್ರಿಯ ಆಸುಪಾಸು, ಅಂದರೆ ಕೈ ಅದ್ದಿ ಆರಾಮವಾಗಿ ಇಟ್ಟುಕೊಳ್ಳುವಷ್ಟು ಬಿಸಿ ಸಾಕು.

ಕೊನೆಯದು ಹೊತ್ತಿನ ಮಾತು. ಭಾನುವಾರ ಬೆಳಿಗ್ಗೆ ಮಿಂದು, ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಹಗಲಲ್ಲೇ ಖರ್ಚಾಗಿರುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ಸ್ನಾನ ಮಾಡಿದರೆ, ಆಮೇಲೆ ಮೈಯ ಒಳಗಿನ ಬಿಸಿ ಇಳಿಯುತ್ತ ಬಂದು ನಿದ್ದೆ ಬೇಗ ಹತ್ತುತ್ತದೆ. ಹತ್ತಕ್ಕೆ ಮಲಗುವವರು ಏಳಕ್ಕೆ ಎಣ್ಣೆ ಹಚ್ಚಿ ಎಂಟು, ಎಂಟೂವರೆಗೆ ಮೀಯಲಿ. ಸಂಜೆ ತಲೆಗೆ ಮಾತ್ರ ಎಣ್ಣೆ ಬೇಡ, ನಮ್ಮ ಮಳೆಗಾಲದಲ್ಲಿ ಒದ್ದೆ ಕೂದಲು ರಾತ್ರಿಯೊಳಗೆ ಒಣಗುವುದಿಲ್ಲ. ಅದನ್ನು ಬಿಸಿಲು ಬಂದ ದಿನಕ್ಕೆ ಇಟ್ಟುಕೊಳ್ಳಿ.