ಐಸಿಯು ತೀರ್ಮಾನದಲ್ಲಿ ಮನೆಯವರ ಪಾಲೆಷ್ಟು?

ಬಳ್ಳಾರಿಯ ವಿಮ್ಸ್ ಇರಲಿ, ರಾಯಚೂರಿನ ರಿಮ್ಸ್ ಇರಲಿ, ಕೊಪ್ಪಳದ ಕಿಮ್ಸ್ ಇರಲಿ, ಐಸಿಯು ಹೊರಗಿನ ಸಂಸಾರ ಒಂದೇ ಥರ. ನೆಲಕ್ಕೆ ಹಾಸಿದ ಚಾಪೆ, ಗಂಟು ಕಟ್ಟಿದ ರೊಟ್ಟಿ ಬುತ್ತಿ, ಚಾರ್ಜಿಗೆ ಹಾಕಿದ ಮೊಬೈಲು, ಪ್ಲಾಸ್ಟಿಕ್ ಕವರಿನೊಳಗೆ ಎಕ್ಸ್‌ರೇ ಮತ್ತು ರೇಷನ್ ಕಾರ್ಡಿನ ಜೆರಾಕ್ಸು. ಒಳಗಿಂದ ನರ್ಸ್ ಬಂದು ರೋಗಿಯ ಹೆಸರು ಕೂಗಿದರೆ ಔಷಧಿ ತರಬೇಕು, ರಕ್ತ ಹೊಂದಿಸಬೇಕು, ಇಲ್ಲವೇ ಸಹಿ ಹಾಕಬೇಕು. ಸಹಿ ಹಾಕುವ ಹಾಳೆ ಬಹುತೇಕ ಇಂಗ್ಲಿಷಿನಲ್ಲಿ ಇರುತ್ತದೆ. ಕನ್ನಡದಲ್ಲಿ ಇದ್ದರೆ, ಆ ಕನ್ನಡ ಅರ್ಥವಾಗಲು ಇನ್ನೊಬ್ಬ ಡಾಕ್ಟ್ರು ಬೇಕು.

ಹಾಗಂತ ನಮ್ಮ ಕಡೆ ಮನೆಯವರಿಗೆ ತೀರ್ಮಾನದಲ್ಲಿ ಪಾಲೇ ಇಲ್ಲ ಅನ್ನಲಾಗದು. ಮುಂದಿನ ಆಸ್ಪತ್ರೆಗೆ ಒಯ್ಯಬೇಕಾ, ವೆಂಟಿಲೇಟರ್ ಹಾಕಿಸಬೇಕಾ, ಮನೆಗೆ ಕರೆದೊಯ್ಯಬೇಕಾ ಎಂಬುದನ್ನು ಕೊನೆಗೆ ಅವರೇ ನಿರ್ಧರಿಸುತ್ತಾ ಬಂದಿದ್ದಾರೆ. ಆದರೆ ದುಡ್ಡು ಹೊಂದಿಸುವವರಾಗಿ, ಸಹಿ ಹಾಕುವವರಾಗಿ ಮಾತ್ರ. ಒಳಗೆ ಮಲಗಿರುವ ಮನುಷ್ಯನನ್ನು ಚೆನ್ನಾಗಿ ಬಲ್ಲವರು ಅಂತ ಅವರನ್ನು ಕೂರಿಸಿ ಕೇಳಿದ್ದು ಕಡಿಮೆ.

ಐಸಿಯು ಎಂಬುದೇ ಬಹಳ ಹಳೆಯದಲ್ಲ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಜೋರಾಗಿ ಹಬ್ಬಿತು. ಉಸಿರಾಟದ ಸ್ನಾಯು ಸೋತವರು ಸಾಲಾಗಿ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿದರು, ರಬ್ಬರ್ ಚೀಲ ಒತ್ತಿ ಗಾಳಿ ತುಂಬಿಸಿದರು. ಆಗ ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲೂ ರಾತ್ರಿ ಚೀಲ ಒತ್ತಿದರು. ಮುಂದಿನ ವರ್ಷ ಅಲ್ಲೇ ಮೊದಲ ಐಸಿಯು ಶುರುವಾಯಿತು. ಈಗ ಆಂಬುಲೆನ್ಸಿನಲ್ಲಿ ಕಾಣುವ, ಕೈಯಿಂದ ಒತ್ತಿ ಉಸಿರು ತುಂಬುವ ಆಂಬು ಬ್ಯಾಗ್ ಕೂಡ ಅದೇ ದಶಕದಲ್ಲಿ, ಅದೇ ದೇಶದಲ್ಲಿ ಹುಟ್ಟಿದ್ದು.

ಉಸಿರನ್ನು ಹೊರಗಿಂದ ನಡೆಸಬಹುದು ಅಂತಾದ ಮೇಲೆ, ಎಲ್ಲಿಯವರೆಗೆ ನಡೆಸಬೇಕು ಎಂಬ ಪ್ರಶ್ನೆ ಹುಟ್ಟಿತು. ಅದು ಕೋರ್ಟಿಗೆ ಹೋಗಿದ್ದು ಅಮೆರಿಕದಲ್ಲಿ. ಕರೆನ್ ಆ್ಯನ್ ಕ್ವಿನ್ಲನ್ ಎಂಬ ಯುವತಿ ಕೋಮಾದಲ್ಲಿದ್ದಳು. ವೆಂಟಿಲೇಟರ್ ತೆಗೆಸಲು ಅಪ್ಪ ಒಪ್ಪಿಗೆ ಕೇಳಿದರು, ವೈದ್ಯರು ಒಪ್ಪಲಿಲ್ಲ. 1976ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಅಪ್ಪನ ಪರ ತೀರ್ಪು ಕೊಟ್ಟಿತು. ವೆಂಟಿಲೇಟರ್ ತೆಗೆದ ಮೇಲೂ ಆಕೆ ತಾನೇ ಉಸಿರಾಡುತ್ತಾ 1985ರವರೆಗೆ ಬದುಕಿದಳು. ಡಾಕ್ಟರ ಅಂದಾಜು, ಮನೆಯವರ ಅಂದಾಜು ಎರಡೂ ತಪ್ಪಬಹುದು ಅನ್ನೋದಕ್ಕೆ ಇದೊಂದು ಸಾಕ್ಷಿ.

ನಮ್ಮ ದೇಶದ ಕಥೆಗೆ ಕರ್ನಾಟಕದ ನಂಟಿದೆ. ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಪಿಂಕಿ ವಿರಾಣಿ ಎಂಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಹೈಕೋರ್ಟಿನ ಒಪ್ಪಿಗೆ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದು ಮೊದಲ ಬಾರಿ ಹೇಳಿತು. ನನಗೆ ಈ ತೀರ್ಪಿನಲ್ಲಿ ಮುಖ್ಯ ಅನ್ನಿಸೋದು ಇನ್ನೊಂದು ಮಾತು. ಅರುಣಾ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ತೊಳೆದು, ಉಣಿಸಿ, ಹೊರಳಿಸಿ ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಅಂತ ಕೋರ್ಟ್ ಹೇಳಿತು. 2015ರ ಮೇ ತಿಂಗಳಲ್ಲಿ ನ್ಯುಮೋನಿಯಾದಿಂದ ಅವರು ತೀರಿಕೊಂಡರು.

ಹೈಕೋರ್ಟಿಗೆ ಹೋಗಿ ಒಪ್ಪಿಗೆ ತನ್ನಿ ಅಂದರೆ ಸಿಂಧನೂರಿನ ರೈತ ಏನು ಮಾಡಬೇಕು? ಕೇಸು ನಡೆಸೋದಾ, ಐಸಿಯು ಬಾಗಿಲು ಕಾಯೋದಾ? ಅದಕ್ಕೇ ಆ ದಾರಿ ಯಾರಿಗೂ ದಾರಿಯಾಗಲಿಲ್ಲ. 'ಕಾಮನ್ ಕಾಸ್' ಸಂಸ್ಥೆ 2005ರಲ್ಲೇ ಹಾಕಿದ್ದ ಇನ್ನೊಂದು ಅರ್ಜಿಯ ತೀರ್ಪು 2018ರ ಮಾರ್ಚ್ 9ರಂದು ಬಂತು. ಗೌರವದಿಂದ ಸಾಯುವುದೂ ಬದುಕಿನ ಹಕ್ಕಿನ ಭಾಗ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನನಗೆ ಮುಂದೆ ಮಾತು ಬರದೇ ಹೋದರೆ ಹೀಗೆ ಮಾಡಿ, ಇಂಥವರನ್ನು ಕೇಳಿ ಅಂತ ಮೊದಲೇ ಬರೆದಿಡಬಹುದು ಎಂದಿತು. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಚಿಕಿತ್ಸೆ ನಿಲ್ಲಿಸಬಹುದೇ ಎಂದು ಹೇಳುವ ಬೋರ್ಡಿನ ವೈದ್ಯರಿಗೆ 20 ವರ್ಷದ ಅನುಭವ ಬೇಕಿತ್ತು. ಕಾಗದದಲ್ಲಿ ಹಕ್ಕು, ಕೈಗೆ ಸಿಗದ ಹಕ್ಕು.

2023ರ ಜನವರಿಯಲ್ಲಿ ಕೋರ್ಟ್ ಇದನ್ನು ಸಲೀಸು ಮಾಡಿತು. ಈಗ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಒಂದು ಪ್ರತಿಯನ್ನು ಪಂಚಾಯಿತಿ ಅಥವಾ ಪುರಸಭೆಯ ಅಧಿಕಾರಿಗೆ ಕೊಡಬಹುದು. ಚಿಕಿತ್ಸೆ ನಿಲ್ಲಿಸುವ ಮಾತು ಬಂದಾಗ ನೋಡಿಕೊಳ್ಳುವ ವೈದ್ಯರು, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು ಸೇರಿ ಮೊದಲ ಬೋರ್ಡ್. ಜಿಲ್ಲೆಯ ಆರೋಗ್ಯಾಧಿಕಾರಿ (ಡಿಎಚ್‌ಒ) ಸೂಚಿಸಿದ ಒಬ್ಬ ವೈದ್ಯರೂ ಇರುವುದು ಎರಡನೇ ಬೋರ್ಡ್. ಎರಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ರೋಗಿ ಏನೂ ಬರೆದಿಟ್ಟಿಲ್ಲದಿದ್ದರೆ ಹತ್ತಿರದವರ ಒಪ್ಪಿಗೆ ಪಡೆದು ಇದೇ ದಾರಿಯಲ್ಲಿ ಹೋಗಬಹುದು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿ ಮಾಡುವ ಆದೇಶ ಹೊರಡಿಸಿತು. ಎರಡನೇ ಬೋರ್ಡಿಗೆ ವೈದ್ಯರನ್ನು ಸೂಚಿಸುವ ಕೆಲಸ ಈಗ ನಮ್ಮ ಡಿಎಚ್‌ಒಗಳ ಮೇಲಿದೆ.

ಕಾನೂನು ಇಷ್ಟು ದೂರ ಬಂದಿದೆ. ವಾರ್ಡಿನಲ್ಲಿ ನಡೆಯೋದು ಬೇರೆ.

ವಾರ್ಡಿನಲ್ಲಿ ಇವತ್ತಿಗೂ ಹೆಚ್ಚು ಓಡಾಡುವ ಪದ 'ಡಾಮಾ'. ವೈದ್ಯರ ಸಲಹೆ ಮೀರಿ ಒಯ್ಯುತ್ತಿದ್ದೇವೆ ಅಂತ ಬರೆದುಕೊಟ್ಟು ಹೊರಡುವುದು. 'ನಮ್ಮ ರಿಸ್ಕ್ ಮ್ಯಾಲೆ ಕರ್ಕೊಂಡು ಹೋಗ್ತೀವ್ರಿ' ಅಂತ ಒಂದು ಸಹಿ, ಬಾಗಿಲಲ್ಲಿ ಆಂಬುಲೆನ್ಸ್, ದಾರಿಯುದ್ದಕ್ಕೂ ಒಬ್ಬರು ಆಂಬು ಬ್ಯಾಗ್ ಒತ್ತುವುದು, ಮನೆ ಮುಟ್ಟಿದ ಮೇಲೆ ನಿಲ್ಲಿಸುವುದು. ನೋವು ಕಡಿಮೆ ಮಾಡುವ ಔಷಧಿ ಇಲ್ಲ, ಮುಂದೇನಾಗುತ್ತೆ ಅಂತ ಹೇಳಿಕೊಟ್ಟವರಿಲ್ಲ. ಆಸ್ಪತ್ರೆ ಕಾಗದದಲ್ಲಿ ಮಾತ್ರ ತೀರ್ಮಾನ ಮನೆಯವರದು. ನನ್ನ ಪ್ರಕಾರ ಡಾಮಾ ಸಹಿಗಳಲ್ಲಿ ಬಹಳಷ್ಟು ತೀರ್ಮಾನಗಳೇ ಅಲ್ಲ. ದುಡ್ಡು ಮುಗಿದಿದ್ದು ಒಂದು, ಏನು ನಡೀತಿದೆ ಅಂತ ತಿಳಿಯದೇ ಹೋಗಿದ್ದು ಇನ್ನೊಂದು. ದುಡ್ಡಿನ ಸಂಕಟಕ್ಕೆ 2010ರಲ್ಲಿ ಆಗಿನ ಗುಲ್ಬರ್ಗ ವಿಭಾಗದಿಂದಲೇ ವಾಜಪೇಯಿ ಆರೋಗ್ಯಶ್ರೀ ಯೋಜನೆ ಶುರುವಾಯಿತು. ಈಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತಿಳಿಯದೇ ಹೋಗುವ ಸಂಕಟಕ್ಕೆ ಕಾರ್ಡಿಲ್ಲ.

ಇದು ಎಷ್ಟು ದುಬಾರಿಯಾಗುತ್ತೆ ಅನ್ನೋದಕ್ಕೆ ನಮ್ಮ ಭತ್ತದ ಸೀಮೆಯ ಒಂದು ಉದಾಹರಣೆ ಸಾಕು. ಗಂಗಾವತಿ, ಮಾನ್ವಿ, ಸಿಂಧನೂರು ಕಡೆಯಿಂದ ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಹೊಟ್ಟೆಗೆ ಹೋದವರು ಐಸಿಯುಗೆ ಬರುತ್ತಲೇ ಇರುತ್ತಾರೆ. ಮೊದಲ ದಿನ ಇಂಜೆಕ್ಷನ್ನಿಗೆ ಚೇತರಿಸಿಕೊಂಡು ಕಣ್ಣು ಬಿಟ್ಟು ಮಾತಾಡುತ್ತಾರೆ. ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ಇಂಥ ವಿಷಗಳಲ್ಲಿ ಕೆಲವಕ್ಕೆ ಒಂದು ಗುಣವಿದೆ. ಒಂದರಿಂದ ನಾಲ್ಕನೇ ದಿನದೊಳಗೆ ಕುತ್ತಿಗೆಯ ಸ್ನಾಯು ಸೋಲುತ್ತದೆ, ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ, ಉಸಿರು ಮತ್ತೆ ಕೈಕೊಡುತ್ತದೆ. ಆಗ ವೆಂಟಿಲೇಟರ್ ಬೇಕೇ ಬೇಕು. ಹೊರಗೆ ಕೂತವರಿಗೆ ಕಾಣೋದು ಇಷ್ಟೇ: 'ನಿನ್ನೆ ಮಾತಾಡ್ಯಾನ, ಇವತ್ತು ಪೈಪ್ ಹಾಕ್ಯಾರ. ಏನೋ ಮಾಡ್ಯಾರ ಒಳಗ.' ಜಗಳ, ಸಹಿ, ಆಂಬುಲೆನ್ಸ್. ಕೆಲವು ದಿನ ಯಂತ್ರದ ಮೇಲಿದ್ದಿದ್ದರೆ ಎದ್ದು ಕೂರಬಹುದಾಗಿದ್ದ ಹುಡುಗ ದಾರಿಯಲ್ಲಿ ಹೋಗಿಬಿಡುತ್ತಾನೆ. ಮೊದಲ ದಿನವೇ ಯಾರಾದರೂ ಐದು ನಿಮಿಷ ಕೂತು, 'ನೋಡ್ರಿ, ಈಗ ಆರಾಮ ಕಾಣಸ್ತಾನ, ಮೂರ್ನಾಕು ದಿನ ನಂಬಾಕ ಬರೋದಿಲ್ಲ' ಅಂದಿದ್ದರೆ?

ಹಾವಿನ ವಿಷದ್ದೂ ಹೀಗೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣುವುದೇ ಇಲ್ಲ ಅನ್ನುವಷ್ಟು ಸಣ್ಣದು. ಬೆಳಿಗ್ಗೆ ಹೊಟ್ಟೆನೋವು ಅಂತ ಬರುತ್ತಾರೆ, ಆಮೇಲೆ ರೆಪ್ಪೆ ಜೋತು ಬೀಳುತ್ತದೆ. ವಿಷ ಪೂರ್ತಿ ಏರಿದರೆ ಕೈಕಾಲು ಆಡುವುದಿಲ್ಲ, ಕಣ್ಣಿನ ಪಾಪೆಯೂ ಬೆಳಕಿಗೆ ಸ್ಪಂದಿಸದೇ ಇರಬಹುದು. ನೋಡಿದರೆ ಮಿದುಳು ಸತ್ತವರಂತೆಯೇ. ಆದರೆ ಒಳಗೆ ಎಚ್ಚರವಿರಬಹುದು, ವೆಂಟಿಲೇಟರ್ ಮೇಲೆ ಇಟ್ಟರೆ ದಿನಗಳಲ್ಲೋ ವಾರಗಳಲ್ಲೋ ಎದ್ದು ಬರುವವರಿದ್ದಾರೆ. ಇಂಥ ಕಡೆ ಮನೆಯವರ ಪಾಲು ಅಂದರೆ ಒಪ್ಪಿಗೆಯಷ್ಟೇ ಅಲ್ಲ. ಎಲ್ಲಿ ಮಲಗಿದ್ದ, ಎಷ್ಟೊತ್ತಿಗೆ ಎದ್ದ, ಮೊದಲು ಏನಂದ ಅನ್ನೋದು ಅವರಿಗೆ ಮಾತ್ರ ಗೊತ್ತು. ಎಣ್ಣೆ ಕುಡಿದವರ ವಿಷಯದಲ್ಲೂ ಅಷ್ಟೇ. ಪೊಲೀಸ್ ಕೇಸ್ ಆಗುತ್ತೆ ಅಂತ ಡಬ್ಬಿ ಬಚ್ಚಿಡುವ ಮನೆಗಳಿವೆ. ಯಾವ ವಿಷ ಅಂತ ತಿಳಿಯದೆ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಕಾನೂನು ನೋಡುತ್ತದೆ, ಸಾಮಾನ್ಯವಾಗಿ ಶಿಕ್ಷೆ ಕೊಡುವುದಿಲ್ಲ. ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ ನಿಜ, ಅದಕ್ಕೆ ಹೆದರಿ ಡಬ್ಬಿ ಬಚ್ಚಿಡಬೇಕಾಗಿಲ್ಲ.

ಕೂತು ಮಾತಾಡಿದರೆ ಏನಾಗುತ್ತೆ ಅನ್ನೋದನ್ನು ಅಳೆದು ನೋಡಿದ್ದಾರೆ. 2000ದಲ್ಲಿ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಐಸಿಯು ವೈದ್ಯರ ಜೊತೆ ಮಾತಾಡಿ ಹೊರಬಂದ ಮನೆಯವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಕಾಯಿಲೆಯೋ, ಚಿಕಿತ್ಸೆಯೋ, ಮುಂದಿನ ಗತಿಯೋ ಸರಿಯಾಗಿ ತಿಳಿದಿರಲಿಲ್ಲ. ಅದೇ ದೇಶದ 22 ಐಸಿಯುಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಮುಖ್ಯ. ಸಾಯುವ ಹಂತದ ರೋಗಿಗಳ ಮನೆಯವರನ್ನು ಒಂದು ಗುಂಪಿನಲ್ಲಿ ಎಂದಿನಂತೆ ಭೇಟಿ ಮಾಡಿದರು. ಇನ್ನೊಂದರಲ್ಲಿ ಕೂರಿಸಿ, ಅವರ ಮಾತು ಕೇಳಿ, ಅಳಲು ಬಿಟ್ಟು, ಪ್ರಶ್ನೆ ಕೇಳಿಸಿ, ಒಂದು ಕಿರುಪುಸ್ತಕ ಕೊಟ್ಟು ಕಳಿಸಿದರು. ಭೇಟಿ 20 ನಿಮಿಷದಿಂದ 30 ನಿಮಿಷಕ್ಕೆ ಏರಿತು. ಮನೆಯವರು ಮಾತಾಡಿದ ಹೊತ್ತು 5 ನಿಮಿಷದಿಂದ 14 ನಿಮಿಷವಾಯಿತು. ಮೂರು ತಿಂಗಳ ನಂತರ ಕೇಳಿದಾಗ, ಮನಸ್ಸಿಗಾದ ಆಘಾತದ ಲಕ್ಷಣ ಮೊದಲ ಗುಂಪಿನಲ್ಲಿ ಶೇ. 69ರಷ್ಟು ಮಂದಿಗೆ, ಎರಡನೆಯದರಲ್ಲಿ ಶೇ. 45ರಷ್ಟು ಮಂದಿಗೆ. ಹೆಚ್ಚುವರಿ ಹತ್ತು ನಿಮಿಷದ ಫಲ ಇದು. ಹತ್ತು ನಿಮಿಷ ಎಲ್ಲಿಂದ ತರೋಣ ಅಂತ ನಮ್ಮ ಡ್ಯೂಟಿ ಡಾಕ್ಟ್ರು ಕೇಳಿದರೆ ಅದೂ ತಪ್ಪಲ್ಲ. ಒಬ್ಬರೇ ಎಷ್ಟೋ ಬೆಡ್ ನೋಡುತ್ತಿರುತ್ತಾರೆ.

ನಂಬಿಕೆಯದೂ ಒಂದು ಕಥೆಯಿದೆ. 2022ರ ಸೆಪ್ಟೆಂಬರ್‌ನಲ್ಲಿ ವಿಮ್ಸ್‌ನಲ್ಲಿ ಕರೆಂಟ್ ಕೈಕೊಟ್ಟ ದಿನ ಐಸಿಯು ರೋಗಿಗಳು ತೀರಿಕೊಂಡರು. ಕರೆಂಟೇ ಕಾರಣ ಅಂತ ಮನೆಯವರು, ಅಲ್ಲ ಅಂತ ಆಸ್ಪತ್ರೆ. ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು. ಇಂಥದ್ದು ಕೇಳಿದ ಊರಿನವರು ಡಾಕ್ಟ್ರು 'ಇನ್ನು ಪ್ರಯೋಜನವಿಲ್ಲ' ಅಂದರೆ ಸುಮ್ನೆ ನಂಬಿಬಿಡುತ್ತಾರಾ?

ಹಾಗಾದರೆ ಮನೆಯವರು ಈಗ ಏನು ಮಾಡಬಹುದು? ಮೊದಲು, ದಿನಾ ಡಾಕ್ಟರ ಹತ್ತಿರ ಮಾತಾಡಲು ಒಬ್ಬರನ್ನು ಗೊತ್ತು ಮಾಡಿ. ನಮ್ಮಲ್ಲಿ ಬೆಳಿಗ್ಗೆ ದೊಡ್ಡಪ್ಪ, ಮಧ್ಯಾಹ್ನ ಅಳಿಯ, ಸಂಜೆ ಬೆಂಗಳೂರಿಂದ ಇಳಿದ ಮಗ ಕೇಳುತ್ತಾರೆ. ಮೂವರಿಗೂ ಮೂರು ಥರ ಕೇಳಿಸುತ್ತದೆ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಮಾತ್ರ 'ಆಕಿಗೇನು ತಿಳೀತದ' ಅಂತ ಮೂಲೆಯಲ್ಲಿ ಕೂರಿಸಿರುತ್ತಾರೆ. ಆ ಮನುಷ್ಯನಿಗೆ ಏನು ಬೇಕಿತ್ತು, ಯಾವುದಕ್ಕೆ ಹೆದರುತ್ತಿದ್ದ ಅಂತ ಹೇಳಬಲ್ಲವಳು ಆಕೆಯೇ. ರೋಗಿಗೆ ಎಚ್ಚರವಿದ್ದರೆ ಅವನನ್ನೇ ಕೇಳಬೇಕು. ಪ್ರಜ್ಞೆಯಿರುವ ವಯಸ್ಕರ ಬದಲಿಗೆ ಮನೆಯವರು ಕೊಟ್ಟ ಒಪ್ಪಿಗೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲೇ ಹೇಳಿದೆ. ಜೀವ ಉಳಿಸುವ ತುರ್ತು ಮಾತ್ರ ಬೇರೆ. 'ನಮ್ಮಪ್ಪಗ ಏನೂ ಹೇಳಬ್ಯಾಡ್ರಿ ಸಾರ್' ಅನ್ನೋ ಪ್ರೀತಿ ಅರ್ಥವಾಗುತ್ತೆ, ಆದರೆ ಹಕ್ಕು ಅಪ್ಪನದು.

ಎರಡು ಮನಸ್ಸಾದಾಗ 'ಮಾಡಬೇಕಾ ಬೇಡವಾ' ಅಂತ ಒಂದೇ ಏಟಿಗೆ ಮುಗಿಸಬೇಕಿಲ್ಲ. 'ಐದು ದಿನ ಎಲ್ಲಾ ಮಾಡಿ ನೋಡೋಣ, ಐದನೇ ದಿನ ಮತ್ತೆ ಕೂರೋಣ' ಅನ್ನಬಹುದು. ಯಾವುದು ಸುಧಾರಿಸಿದರೆ ಒಳ್ಳೆಯದು, ಯಾವುದು ಕೆಟ್ಟರೆ ಕೆಟ್ಟದ್ದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಗಂಟಲಿಗೆ ತೂತು ಮಾಡುವ ವಿಷಯದಲ್ಲಿ ನಮ್ಮ ಕಡೆ ಭಯ ಜಾಸ್ತಿ. ಗುಣವಾಗುವ ರೋಗಿಯಲ್ಲಿ ಸಾಮಾನ್ಯವಾಗಿ ಅದು ತಾತ್ಕಾಲಿಕ. ಕೊಳವೆ ತೆಗೆದ ಮೇಲೆ ತೂತು ಮುಚ್ಚಿಕೊಳ್ಳುತ್ತದೆ. ಬೇರೆ ವೈದ್ಯರಿಗೆ ತೋರಿಸಬೇಕೆಂದರೆ ದಾಖಲೆ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ಕೊಡಬೇಕು. ರೋಗಿ ಅಥವಾ ಮನೆಯವರು ಬೇಡವೆಂದರೆ ಐಸಿಯುಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಇದೆ, 2024ರ ಆರಂಭದಲ್ಲಿ ಸುದ್ದಿಯಾಗಿತ್ತು.

ನಿಜಕ್ಕೂ ಇನ್ನು ಗುಣವಾಗುವುದಿಲ್ಲ ಅನ್ನುವ ಹಂತ ಬಂದರೆ ಡಾಮಾ ಸಹಿಗೆ ಮುಂಚೆ ಬೋರ್ಡ್ ಕೇಳಿ. ಜೊತೆಗೆ ನೋವು, ಉಬ್ಬಸಕ್ಕೆ ಔಷಧಿ ಏನು ಕೊಡುತ್ತೀರಿ ಅಂತಲೂ ಕೇಳಿ. ಆಸ್ಪತ್ರೆಯವರು ಬೋರ್ಡ್ ಗೊತ್ತಿಲ್ಲ ಅಂದರೆ ಡಿಎಚ್‌ಒ ಕಚೇರಿಗೆ ಅರ್ಜಿ ಕೊಡಬಹುದು, ಸರ್ಕಾರದ ಆದೇಶ ಅವರ ಹತ್ತಿರ ಇರುತ್ತದೆ. ಬೋರ್ಡುಗಳು ಒಪ್ಪದೇ ಹೋದರೆ ಹೈಕೋರ್ಟಿನ ಬಾಗಿಲು ಈಗಲೂ ತೆರೆದಿದೆ: ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.